ಭಾರತದ ಪಿಪಿಎಲ್ ಹಿಡಿದು ಅಮೆರಿಕದಲ್ಲಿ ಹಾರುವುದು: ಓದಿಕೊಳ್ಳಬೇಕಾದ್ದು

ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ಕೊಟ್ಟ ಪ್ರೈವೇಟ್ ಪೈಲಟ್ ಲೈಸೆನ್ಸ್ (ಪಿಪಿಎಲ್) ಕೈಯಲ್ಲಿದೆ. ಅಣ್ಣನೋ ಅಕ್ಕನೋ ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ರಜೆಗೆ ಹೋಗುತ್ತಿದ್ದೀರಿ, ಹೋದಾಗ ಒಂದು ಸೆಸ್ನಾ ಬಾಡಿಗೆಗೆ ತೆಗೆದುಕೊಂಡು ಹಾರುವ ಆಸೆ. ಇಂಥವರಿಗಾಗಿ ಈ ಟಿಪ್ಪಣಿ. ಬಹಳ ಮಂದಿ ಹೆದರುವುದು ಕಾಗದಪತ್ರಕ್ಕೆ. ಅದಕ್ಕೆ ಬೇಕಾಗಿರುವುದು ತಾಳ್ಮೆ ಮಾತ್ರ. ತೊಡಕಿರುವುದು ಬೇರೆ ಕಡೆ. ನಮ್ಮಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಹಾರಬೇಕಾದರೆ ಫ್ಲೈಟ್ ಪ್ಲಾನ್ ಹಾಕಿ, ಎಫ್‌ಐಸಿ (ವಿಮಾನ ಮಾಹಿತಿ ಕೇಂದ್ರದ) ನಂಬರ್, ಎಡಿಸಿ (ವಾಯು ರಕ್ಷಣಾ ಅನುಮತಿಯ) ನಂಬರ್ ತೆಗೆದುಕೊಂಡು, ಆಮೇಲೆ ಎಂಜಿನ್ ಸ್ಟಾರ್ಟ್. ಅಲ್ಲಿ ಹವಾಮಾನ ಚೆನ್ನಾಗಿರುವ ದಿನ, ಕಂಟ್ರೋಲ್ ಟವರ್ ಇಲ್ಲದ ಏರ್‌ಪೋರ್ಟ್‌ನಿಂದ, ಯಾರಿಗೂ ಹೇಳದೆ ಕೇಳದೆ ಹೊರಟುಬಿಡಬಹುದು. ಕೇಳುವವರಿಲ್ಲ ಎಂದರೆ ತಡೆಯುವವರೂ ಇಲ್ಲ. ಕೆಳಗಿನ ಎಲ್ಲವನ್ನೂ ಈ ಒಂದು ವಿಷಯ ನೆನಪಿಟ್ಟುಕೊಂಡು ಓದಿ.

ಲೈಸೆನ್ಸ್

1944ರ ಷಿಕಾಗೊ ಒಪ್ಪಂದದ ಪ್ರಕಾರ ಪೈಲಟ್ ಲೈಸೆನ್ಸನ್ನು ವಿಮಾನ ನೋಂದಣಿಯಾದ ದೇಶ ಕೊಟ್ಟಿರಬೇಕು, ಇಲ್ಲವೇ ಮಾನ್ಯ ಮಾಡಿರಬೇಕು. ಅಲ್ಲಿ ಬಾಡಿಗೆಗೆ ಸಿಗುವುದು 'ಎನ್' ಅಕ್ಷರದಿಂದ ಶುರುವಾಗುವ ವಿಮಾನ. ಆದ್ದರಿಂದ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ಸರ್ಟಿಫಿಕೇಟ್ ಬೇಕೇ ಬೇಕು. ಹಾಗಂತ ಮತ್ತೆ ಪರೀಕ್ಷೆ ಬರೆಯಬೇಕಿಲ್ಲ. ಅಲ್ಲಿನ ನಿಯಮಾವಳಿಯ 61.75ನೇ ಕಲಂ ಪ್ರಕಾರ, ವಿದೇಶಿ ಲೈಸೆನ್ಸಿನ ಆಧಾರದ ಮೇಲೆಯೇ ಒಂದು ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಕೊಡುತ್ತಾರೆ.

ಮೊದಲು ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ ಶಾಖೆಗೆ ಪರಿಶೀಲನೆಯ ಅರ್ಜಿ. ನಿಮ್ಮ ಲೈಸೆನ್ಸ್ ಅಸಲಿಯೇ ಎಂದು ಅವರು ನೇರವಾಗಿ ಡಿಜಿಸಿಎಯನ್ನೇ ಕೇಳುತ್ತಾರೆ. ಇದಕ್ಕೆ ಎಫ್‌ಎಎ ಹೇಳುವ ಅವಧಿ 45ರಿಂದ 90 ದಿನ. ಟಿಕೆಟ್ ಬುಕ್ ಮಾಡಿದ ದಿನವೇ ಅರ್ಜಿ ಹಾಕಿಬಿಡುವುದು ಲೇಸು. ಒಪ್ಪಿಗೆ ಪತ್ರ ಬಂದರೆ ಅದು 6 ತಿಂಗಳು ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಅಮೆರಿಕದಲ್ಲಿ ಎಫ್‌ಎಎ ಜಿಲ್ಲಾ ಕಚೇರಿಗೆ ಅಪಾಯಿಂಟ್‌ಮೆಂಟ್ ಮಾಡಿಕೊಂಡು, ಪಾಸ್‌ಪೋರ್ಟ್, ಲೈಸೆನ್ಸ್, ಮೆಡಿಕಲ್, ಲಾಗ್‌ಬುಕ್ ಹಿಡಿದು ಖುದ್ದಾಗಿ ಹೋಗಬೇಕು. ಅಲ್ಲಿ ಕೊಡುವ ತಾತ್ಕಾಲಿಕ ಸರ್ಟಿಫಿಕೇಟ್ 120 ದಿನ ನಡೆಯುತ್ತದೆ. ರಜೆಗೆ ಹೋದವರಿಗೆ ಅಷ್ಟು ಸಾಕು. ಇನ್ನೊಂದು ಹೊಸ ನಿಯಮವಿದೆ: ಅಮೆರಿಕದಲ್ಲಿ ವಿಳಾಸವಿಲ್ಲದವರು ಎಫ್‌ಎಎ ಪತ್ರಗಳನ್ನು ತಮ್ಮ ಪರವಾಗಿ ಸ್ವೀಕರಿಸಲು ಅಲ್ಲಿನ ಒಬ್ಬ ಏಜೆಂಟರನ್ನು ನೇಮಿಸಬೇಕು. 2025ರಿಂದ ಇದು ಕಡ್ಡಾಯ.

ನಮ್ಮ ಕಡೆಯವರು ಎಚ್ಚರ ವಹಿಸಬೇಕಾದ ಒಂದು ಸಣ್ಣ ವಿಷಯ ಹೆಸರು. ಲೈಸೆನ್ಸಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರ ಹೆಸರೋ ಬಿಡಿಸಿ ಬರೆದದ್ದು, ಹೀಗಿದ್ದರೆ ಇಬ್ಬರೂ ಒಬ್ಬರೇ ಎಂದು ಕೌಂಟರಿನಲ್ಲಿ ನಿಂತು ವಿವರಿಸಬೇಕಾಗುತ್ತದೆ. ಹೊರಡುವ ಮುಂಚೆ ಎರಡನ್ನೂ ಒಂದೇ ಮಾಡಿಸಿಕೊಳ್ಳಿ.

ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಅದರಲ್ಲಿ ಅಚ್ಚಾಗಿರುವ ಸಾಲನ್ನು ಗಮನವಿಟ್ಟು ಓದಿ: ನಿಮ್ಮ ಭಾರತೀಯ ಲೈಸೆನ್ಸ್ ಜೊತೆಗಿದ್ದರೆ ಮಾತ್ರ ಇದು ಊರ್ಜಿತ, ಆ ಲೈಸೆನ್ಸಿನ ಮಿತಿಗಳೆಲ್ಲ ಇದಕ್ಕೂ ಅನ್ವಯ. ಅಲ್ಲಿನ ಪೈಲಟ್‌ಗಳು ರಾತ್ರಿ ವಿಎಫ್‌ಆರ್ (ಕಣ್ಣಿಗೆ ಕಾಣುವುದನ್ನು ನೆಚ್ಚಿ ಹಾರುವ ಪದ್ಧತಿ) ಹಾರುವುದು ಮಾಮೂಲು. ನಿಮ್ಮ ಭಾರತೀಯ ಲೈಸೆನ್ಸಿನಲ್ಲಿ ನೈಟ್ ರೇಟಿಂಗ್ ಇಲ್ಲವೆಂದರೆ ಅಲ್ಲಿಯೂ ಇಲ್ಲ. ಮೆಡಿಕಲ್ ಮಾತ್ರ ಭಾರತದ್ದೇ ನಡೆಯುತ್ತದೆ, ಅವಧಿ ಮುಗಿದಿರಬಾರದು ಅಷ್ಟೆ.

ಇಷ್ಟಾದರೂ ತಕ್ಷಣ ಪೈಲಟ್-ಇನ್-ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ ಹಾರುವಂತಿಲ್ಲ. ಅಲ್ಲಿನ ಇನ್‌ಸ್ಟ್ರಕ್ಟರ್ ಜೊತೆ ಫ್ಲೈಟ್ ರಿವ್ಯೂ ಆಗಬೇಕು: ಕನಿಷ್ಠ 1 ಗಂಟೆ ನೆಲದ ಮೇಲೆ ಪಾಠ, 1 ಗಂಟೆ ಹಾರಾಟ. ಇದರಲ್ಲಿ ಫೇಲ್ ಎಂಬುದಿಲ್ಲ. ಇನ್‌ಸ್ಟ್ರಕ್ಟರ್‌ಗೆ ಸಮಾಧಾನವಾಗುವವರೆಗೆ ಇನ್ನೊಂದು ಸುತ್ತು ಹಾರಬೇಕಾಗಬಹುದು. ಬಾಡಿಗೆ ಕೊಡುವ ಮುನ್ನ ಕ್ಲಬ್‌ನವರು ಮಾಡುವ ಚೆಕ್‌ಔಟನ್ನೂ (ಪರೀಕ್ಷಾ ಹಾರಾಟವನ್ನೂ) ಇದರ ಜೊತೆಗೇ ಮುಗಿಸಿದರೆ ದುಡ್ಡು ಉಳಿಯುತ್ತದೆ. ನೀವು ಕಲಿತ ಮಾದರಿಯನ್ನೇ ಕೇಳಿ. ಹೊಸ ದೇಶ, ಹೊಸ ರೇಡಿಯೊ ಪದ್ಧತಿ, ಮೇಲೆ ಹೊಸ ವಿಮಾನ ಬೇರೆ ಬೇಡ.

ಏರ್‌ಸ್ಪೇಸ್ ಮತ್ತು ರೇಡಿಯೊ

ಪಾಠದ ಜೀವಾಳ ಇದು. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯನ್ನೇ ತೆಗೆದುಕೊಳ್ಳೋಣ. ಏರ್‌ಪೋರ್ಟಿನ ಸುತ್ತಲ ಆಕಾಶವನ್ನು ದಟ್ಟಣೆಗೆ ತಕ್ಕಂತೆ ವರ್ಗ ಮಾಡಿದ್ದಾರೆ: ಸ್ಯಾನ್‌ಫ್ರಾನ್ಸಿಸ್ಕೊ ಏರ್‌ಪೋರ್ಟಿನದು ಕ್ಲಾಸ್ 'ಬಿ', ಓಕ್‌ಲ್ಯಾಂಡ್ ಮತ್ತು ಸ್ಯಾನ್ ಹೋಸೆಯದು 'ಸಿ', ಪಾಲೋ ಆಲ್ಟೊ ಮತ್ತು ಸ್ಯಾನ್ ಕಾರ್ಲೋಸ್‌ನಂಥ ಸಣ್ಣವುಗಳದು 'ಡಿ'. ಬೆಟ್ಟದ ಆಚೆ ಸಮುದ್ರದ ಪಕ್ಕ ಹಾಫ್ ಮೂನ್ ಬೇ ಇದೆ, ಅಲ್ಲಿ ಟವರೇ ಇಲ್ಲ. ನಾಲ್ಕು ಬಗೆಯೂ ಕೆಲವೇ ಮೈಲುಗಳ ಅಂತರದಲ್ಲಿ. ಚಾರ್ಟಿನಲ್ಲಿ ಬಿ ದಪ್ಪ ನೀಲಿ ಗೆರೆ, ಸಿ ಮಜೆಂಟಾ ಗೆರೆ, ಡಿ ತುಂಡು ತುಂಡು ನೀಲಿ ಗೆರೆ.

ಯಾವುದರೊಳಗೆ ಹೋಗಲು ಯಾವ ಮಾತು ಕಿವಿಗೆ ಬೀಳಬೇಕು? ಬಿ ಒಳಗೆ ಹೋಗಬೇಕಾದರೆ ನಿಮ್ಮ ಕಾಲ್‌ಸೈನ್ (ರೇಡಿಯೊದಲ್ಲಿ ವಿಮಾನವನ್ನು ಕರೆಯುವ ಹೆಸರು) ಹೇಳಿ, 'ಕ್ಲಿಯರ್ಡ್' ಎಂಬ ಪದ ಬಳಸಿ, ಬ್ರಾವೊ (ರೇಡಿಯೊದಲ್ಲಿ 'ಬಿ'ಗೆ ಹೇಳುವ ಹೆಸರು) ಏರ್‌ಸ್ಪೇಸ್ ಪ್ರವೇಶಿಸಬಹುದು ಎಂದು ಕಂಟ್ರೋಲರ್ ಹೇಳಲೇಬೇಕು. ರೇಡಾರಿನಲ್ಲಿ ಕಾಣುತ್ತಿದ್ದೀರಿ ಎಂದರೆ ಅದು ಅನುಮತಿಯಲ್ಲ. ಸಿ ಮತ್ತು ಡಿಗೆ ಅಷ್ಟು ಬೇಕಿಲ್ಲ, ಎರಡೂ ಕಡೆಯಿಂದ ಮಾತು ಶುರುವಾಗಿದ್ದರೆ ಸಾಕು. ನೀವು ಕರೆದಿರಿ, ಅತ್ತಲಿಂದ 'ಸೆಸ್ನಾ ಫೋರ್ ಫೈವ್ ಎಕ್ಸ್‌ರೇ, ಸ್ಟ್ಯಾಂಡ್‌ಬೈ' ಎಂದು ಬಂತು. ನಮ್ಮಲ್ಲಿ ಕಲಿತವರು ಇಲ್ಲಿ ಹೊರಗೇ ಸುತ್ತು ಹೊಡೆಯುತ್ತ ಕಾಯುತ್ತಾರೆ. ಕಾಯಬೇಕಿಲ್ಲ, ನಿಮ್ಮ ಕಾಲ್‌ಸೈನ್ ಅವರ ಬಾಯಲ್ಲಿ ಬಂತು, ಒಳಗೆ ಹೋಗಬಹುದು. ಅದೇ 'ಏರ್‌ಕ್ರಾಫ್ಟ್ ಕಾಲಿಂಗ್, ಸ್ಟ್ಯಾಂಡ್‌ಬೈ' ಎಂದರೆ ಯಾರನ್ನು ಉದ್ದೇಶಿಸಿದ್ದೋ ಗೊತ್ತಿಲ್ಲ, ಹೊರಗೇ ಇರಬೇಕು. ಕಾಲ್‌ಸೈನ್ ಹೇಳಿದ ಮೇಲೂ 'ರಿಮೇನ್ ಔಟ್‌ಸೈಡ್' ಎಂದರೆ ಒಳಗೆ ಹೋಗುವಂತಿಲ್ಲ. ಈ ಮೂರು ವಾಕ್ಯಗಳ ನಡುವಿನ ವ್ಯತ್ಯಾಸ ಬಾಯಿಪಾಠವಾಗಿರಲಿ. ಫ್ಲೈಟ್ ರಿವ್ಯೂನಲ್ಲಿ ಕೇಳುವ ಸಾಧ್ಯತೆ ಹೆಚ್ಚು.

ಟವರ್ ಇಲ್ಲದ ಕಡೆ ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ ತಾವೆಲ್ಲಿದ್ದೇವೆಂದು ತಾವೇ ಹೇಳಿಕೊಳ್ಳುತ್ತಾರೆ. ಒಂದೇ ಫ್ರೀಕ್ವೆನ್ಸಿಯನ್ನು ಹಲವು ಏರ್‌ಪೋರ್ಟುಗಳು ಹಂಚಿಕೊಂಡಿರುತ್ತವೆ. ಆದ್ದರಿಂದ ಊರ ಹೆಸರು ಮೊದಲಿಗೂ ಬರಬೇಕು, ಕೊನೆಗೂ ಬರಬೇಕು. 'ಹಾಫ್ ಮೂನ್ ಬೇ ಟ್ರಾಫಿಕ್, ಸೆಸ್ನಾ ಫೋರ್ ಫೈವ್ ಎಕ್ಸ್‌ರೇ, ಲೆಫ್ಟ್ ಡೌನ್‌ವಿಂಡ್, ರನ್‌ವೇ ತ್ರೀ ಜೀರೊ, ಹಾಫ್ ಮೂನ್ ಬೇ.' ಉತ್ತರ ಬರಲಿಲ್ಲವೆಂದರೆ ಅಲ್ಲಿ ಯಾರೂ ಇಲ್ಲವೆಂದಲ್ಲ. ರೇಡಿಯೊ ಇಲ್ಲದೆಯೂ ಅಲ್ಲಿಗೆ ವಿಮಾನ ಬರಬಹುದು, ಅದು ಕಾನೂನುಬಾಹಿರವಲ್ಲ. ಕಿಟಕಿಯಾಚೆ ಕಣ್ಣಿಟ್ಟಿರಬೇಕು.

ಟವರ್ ಇರುವ ಕಡೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ಮುಂದೆ ಎರಡು ವಿಮಾನ ಇಳಿಯುವುದು ಬಾಕಿ ಇರುವಾಗಲೇ 'ನಂಬರ್ ತ್ರೀ, ಕ್ಲಿಯರ್ಡ್ ಟು ಲ್ಯಾಂಡ್' ಎನ್ನುತ್ತಾರೆ. ರನ್‌ವೇ ಖಾಲಿಯಿದೆ ಎಂದು ಅದರರ್ಥವಲ್ಲ. ಮುಂದಿನವನು ಹೊರಗೆ ಸರಿಯದಿದ್ದರೆ ಗೋ-ಅರೌಂಡ್ ಮಾಡುವ (ಇಳಿಯದೆ ಮತ್ತೆ ಮೇಲೇರುವ) ತೀರ್ಮಾನ ನಿಮ್ಮದು.

ಅಳತೆ

ಅಲ್ಟಿಮೀಟರ್ ಹೆಕ್ಟೋಪಾಸ್ಕಲ್‌ನಲ್ಲಲ್ಲ, ಪಾದರಸದ ಇಂಚಿನಲ್ಲಿ: 1013ರ ಜಾಗಕ್ಕೆ 29.92. ಒಂದು ಇಂಚು ತಪ್ಪಿಟ್ಟರೆ ಸುಮಾರು 1,000 ಅಡಿ ವ್ಯತ್ಯಾಸ. ದೃಗ್ಗೋಚರತೆ ಸ್ಟ್ಯಾಚ್ಯೂಟ್ ಮೈಲಿಯಲ್ಲಿ, ಇಂಧನ ಗ್ಯಾಲನ್ನಿನಲ್ಲಿ (3.785 ಲೀಟರ್). ನೆಲದಿಂದ 3,000 ಅಡಿ ಮೇಲೆ ವಿಎಫ್‌ಆರ್ ಎತ್ತರ: ಪೂರ್ವ ದಿಕ್ಕಿಗಾದರೆ ಬೆಸ ಸಾವಿರ ಮತ್ತು 500, ಪಶ್ಚಿಮಕ್ಕಾದರೆ ಸಮ ಸಾವಿರ ಮತ್ತು 500. ಟ್ರಾನ್ಸ್‌ಪಾಂಡರ್ (ರೇಡಾರಿಗೆ ವಿಮಾನದ ಗುರುತು ಕಳಿಸುವ ಸಾಧನ) ಕೋಡ್ 1200. ಹಗಲು ವಿಎಫ್‌ಆರ್‌ನಲ್ಲಿ ಕನಿಷ್ಠ ಮೀಸಲು ಇಂಧನ 30 ನಿಮಿಷದ್ದು. ನನ್ನ ಕೇಳಿದರೆ ಗೊತ್ತಿಲ್ಲದ ದೇಶದಲ್ಲಿ ಅದರ ದುಪ್ಪಟ್ಟು ಇಟ್ಟುಕೊಳ್ಳಿ ಎನ್ನುತ್ತೇನೆ. ಇಂಧನ ಎಲ್ಲ ಕಡೆಯೂ ಒಂದೇ ಇರುವುದಿಲ್ಲ ಎಂಬುದೂ ಗೊತ್ತಿರಲಿ: ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂನಲ್ಲಿ 2022ರ ಜನವರಿಯಿಂದ ಸೀಸ ಬೆರೆತ 100ಎಲ್‌ಎಲ್ ಮಾರಾಟ ನಿಲ್ಲಿಸಿದರು.

ಎತ್ತರದ ಲೆಕ್ಕ

ಬೆಂಗಳೂರಿನ ಜಕ್ಕೂರಿನಲ್ಲಿ ಕಲಿತವರಿಗೆ ಸುಮಾರು 3,000 ಅಡಿಯ ತೆಳು ಗಾಳಿ ಅಭ್ಯಾಸ. ಪಾಲೋ ಆಲ್ಟೊ ಹೆಚ್ಚುಕಮ್ಮಿ ಸಮುದ್ರಮಟ್ಟದಲ್ಲಿದೆ. ಅಲ್ಲಿ ಅದೇ ಸೆಸ್ನಾ 172 ಚಂಗನೆ ಮೇಲೇರುತ್ತದೆ, ಖುಷಿಯಾಗುತ್ತದೆ. ಆ ಖುಷಿಯಲ್ಲಿ ಮರುದಿನ ಟಾಹೊ ಸರೋವರಕ್ಕೆ ಹೊರಡುತ್ತೀರಿ ಎನ್ನಿ. ಸೌತ್ ಲೇಕ್ ಟಾಹೊ ಏರ್‌ಪೋರ್ಟ್ ಇರುವುದು ಸುಮಾರು 6,260 ಅಡಿಯಲ್ಲಿ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 2.5 ಡಿಗ್ರಿ. ಬೇಸಿಗೆ ಮಧ್ಯಾಹ್ನ 30 ಡಿಗ್ರಿ ಇದ್ದರೆ ಹೆಚ್ಚುವರಿ 27.5; ಡಿಗ್ರಿಗೆ 120 ಅಡಿಯಂತೆ 3,300 ಅಡಿ. ಒತ್ತಡ ಪ್ರಮಾಣಿತವಾಗಿದ್ದರೂ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ತೆಳುವು ಯಾವ ಎತ್ತರದ್ದಕ್ಕೆ ಸಮವೋ ಆ ಎತ್ತರ) 9,500 ಅಡಿ ದಾಟಿತು. ನಾಲ್ಕು ಜನ, ತುಂಬಿದ ಟ್ಯಾಂಕ್, ಸುತ್ತ ಬೆಟ್ಟ. ಆ ಮಧ್ಯಾಹ್ನ ಹೊರಡಬೇಡಿ ಎಂದು ಯಾರೂ ಹೇಳುವುದಿಲ್ಲ. ಬೆಳಿಗ್ಗೆಯೇ ಹೊರಡಿ, ಮಿಕ್ಸ್‌ಚರ್ ಲೀನ್ ಮಾಡಿಕೊಂಡು (ಗಾಳಿಗೆ ಬೆರೆಯುವ ಇಂಧನ ತಗ್ಗಿಸಿಕೊಂಡು) ಟೇಕಾಫ್ ಮಾಡಿ, ಇಬ್ಬರನ್ನು ಕೆಳಗೇ ಬಿಡಿ.

ದುಡ್ಡು ಹಂಚಿಕೊಳ್ಳುವುದು

ಜೊತೆಗೆ ಬಂದವರಿಂದ ಖರ್ಚು ತೆಗೆದುಕೊಳ್ಳಬಹುದು, ಆದರೆ ನಿಮ್ಮ ಪಾಲಿಗಿಂತ ಕಡಿಮೆ ನೀವು ಕೊಡುವಂತಿಲ್ಲ. ಬಾಡಿಗೆ 240 ಡಾಲರ್, ನಾಲ್ವರು ಎಂದರೆ ನಿಮ್ಮ ಜೇಬಿನಿಂದ ಕನಿಷ್ಠ 60. ಲೆಕ್ಕಕ್ಕೆ ಬರುವುದು ಇಂಧನ, ಆಯಿಲ್, ಏರ್‌ಪೋರ್ಟ್ ಶುಲ್ಕ, ವಿಮಾನದ ಬಾಡಿಗೆ ಮಾತ್ರ. ಅಕ್ಕಭಾವನನ್ನು ಕೂರಿಸಿಕೊಂಡು ಗೋಲ್ಡನ್ ಗೇಟ್ ನೋಡಿ ಬಂದರೆ ತೊಂದರೆಯಿಲ್ಲ. ಅದೇ ಕನ್ನಡ ಕೂಟದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ 'ಭಾನುವಾರ ವಿಮಾನದಲ್ಲಿ ಸುತ್ತಾಟ, ತಲೆಗೆ 60 ಡಾಲರ್' ಎಂದು ಹಾಕಿದರೆ, ಸಾರ್ವಜನಿಕರಿಗೆ ಸಾರಿಗೆ ಸೇವೆ ಕೊಡಲು ಹೊರಟಿದ್ದೀರಿ ಎಂದು ಎಫ್‌ಎಎ ತಿಳಿಯಬಹುದು. ಲಾಭವಿಲ್ಲದಿದ್ದರೂ ಅದು ತಪ್ಪೇ.

ವಿಮಾನಕ್ಕೆ ಕ್ಲಬ್ ಮಾಡಿಸಿದ ವಿಮೆ ಮುಖ್ಯವಾಗಿ ಕ್ಲಬ್‌ಗೆ. ಬಾಡಿಗೆದಾರರ ವಿಮೆ ಪ್ರತ್ಯೇಕವಾಗಿ ಸಿಗುತ್ತದೆ, ಮಾಡಿಸಿ.

ಹೊರಡುವ ಮುನ್ನ, ಇಳಿದ ಮೇಲೆ

ಟಿಎಫ್‌ಆರ್ (ತಾತ್ಕಾಲಿಕ ಹಾರಾಟ ನಿರ್ಬಂಧ) ನೋಡದೆ ಹೊರಡಬಾರದು. ಅಧ್ಯಕ್ಷರು ಊರಿಗೆ ಬಂದರೆ ಆಕಾಶದ ದೊಡ್ಡ ಭಾಗಕ್ಕೆ ಬೀಗ ಬೀಳುತ್ತದೆ. 30,000 ಅಥವಾ ಅದಕ್ಕಿಂತ ಹೆಚ್ಚು ಆಸನವಿರುವ ಸ್ಟೇಡಿಯಂನಲ್ಲಿ ದೊಡ್ಡ ಲೀಗ್‌ನ ಪಂದ್ಯವಿದ್ದರೆ ಸುತ್ತ 3 ನಾಟಿಕಲ್ ಮೈಲಿ, ಮೇಲೆ 3,000 ಅಡಿವರೆಗೆ ನಿಷೇಧ. ಸ್ಯಾನ್‌ಫ್ರಾನ್ಸಿಸ್ಕೊ ಬೇಸ್‌ಬಾಲ್ ಮೈದಾನ ಕೊಲ್ಲಿಯ ದಂಡೆಯಲ್ಲೇ ಇರುವುದರಿಂದ ಪಂದ್ಯದ ವೇಳಾಪಟ್ಟಿಯೂ ನಿಮ್ಮ ಪಠ್ಯವೇ.

ವಿಎಫ್‌ಆರ್ ಫ್ಲೈಟ್ ಪ್ಲಾನ್ ಕಡ್ಡಾಯವಲ್ಲ. ಆದರೂ ಬೆಟ್ಟಗಾಡಿನ ಕಡೆ ಹೋಗುವಾಗ ಹಾಕಿ. ಟವರ್ ಇರುವ ಏರ್‌ಪೋರ್ಟಿನಲ್ಲಿ ಇಳಿದರೂ ಅದು ತಾನಾಗಿ ಮುಚ್ಚುವುದಿಲ್ಲ. ಫ್ಲೈಟ್ ಸರ್ವಿಸ್‌ಗೆ (ಪೈಲಟ್‌ಗಳಿಗೆ ಮಾಹಿತಿ ಕೊಡುವ ಸೇವೆ) ಫೋನ್ ಮಾಡಿ ನೀವೇ ಮುಚ್ಚಿಸಬೇಕು. ತಲುಪಬೇಕಾದ ಸಮಯ ಕಳೆದು 30 ನಿಮಿಷವಾದರೆ ನಿಮ್ಮನ್ನು ಹುಡುಕುವ ಕೆಲಸ ಶುರುವಾಗುತ್ತದೆ. ವಿಮಾನ ಕಟ್ಟಿಹಾಕಿದ ಕೂಡಲೇ, ಊಟಕ್ಕೆ ಹೋಗುವ ಮುಂಚೆ, ಆ ಫೋನ್ ಮಾಡಿಬಿಡಿ.