ದುಬೈ ಯಾವ ಖಂಡದಲ್ಲಿದೆ?

"ಸರ್, ದುಬೈ ಯಾವ ಖಂಡಕ್ಕೆ ಸೇರುತ್ತದೆ?" ಪ್ರತಿ ತಿಂಗಳೂ ಒಬ್ಬರಾದರೂ ಕೇಳುವ ಪ್ರಶ್ನೆ ಇದು. ಉತ್ತರ ಏಷ್ಯಾ. ದುಬೈ ಇರುವುದು ಯುಎಇಯಲ್ಲಿ, ಯುಎಇ ಇರುವುದು ಏಷ್ಯಾದಲ್ಲಿ. ಸೌದಿ, ಕುವೈತ್, ಕತಾರ್, ಬಹ್ರೇನ್, ಒಮಾನ್ ಎಲ್ಲವೂ ಅಲ್ಲೇ.

ಮಾತು ಇಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ. "ಅಲ್ಲ ಸರ್, ಅದು ಮಿಡ್ಲ್ ಈಸ್ಟ್ ಅಲ್ವಾ?" ಅಂತ ಮರುಪ್ರಶ್ನೆ ಬಂದೇ ಬರುತ್ತದೆ.

ಮಿಡ್ಲ್ ಈಸ್ಟ್ ಖಂಡ ಅಲ್ಲ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಶಾಲೆಯಲ್ಲಿ ಕಲಿತ ಏಳು ಖಂಡಗಳನ್ನು ಬೆರಳು ಮಡಚಿ ಎಣಿಸಿ, ಅದರಲ್ಲಿ ಈ ಹೆಸರು ಸಿಗುವುದಿಲ್ಲ. ಅದೊಂದು ಪ್ರದೇಶದ ಹೆಸರು, ನಾವು ಮಲೆನಾಡು ಅಂದ ಹಾಗೆ. ತೀರ್ಥಹಳ್ಳಿಯವರು ಮಲೆನಾಡಿನವರು ಅಂದ ಮಾತ್ರಕ್ಕೆ ಶಿವಮೊಗ್ಗ ಜಿಲ್ಲೆಯವರಲ್ಲ ಅಂತ ಆಗುತ್ತದೆಯೇ?

ಆ ಹೆಸರನ್ನೇ ಸ್ವಲ್ಪ ಗಮನಿಸಿ. ಈಸ್ಟ್ ಅಂದರೆ ಯಾರಿಗೆ ಪೂರ್ವ? ಯುರೋಪಿನಲ್ಲಿ ನಿಂತು ನೋಡುವವರಿಗೆ. 1902ರಲ್ಲಿ ಅಮೆರಿಕದ ನೌಕಾಪಡೆಯ ನಿವೃತ್ತ ಅಧಿಕಾರಿ ಆಲ್ಫ್ರೆಡ್ ಮಹಾನ್ ಪರ್ಷಿಯನ್ ಕೊಲ್ಲಿಯ ಬಗ್ಗೆ ಬರೆದ ಲೇಖನದಿಂದ ಈ ಹೆಸರು ಜಾಸ್ತಿ ಹಬ್ಬಿತು. ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ನಿಂತರೆ ದುಬೈ ಇರುವುದು ಸೂರ್ಯ ಮುಳುಗುವ ಕಡೆಗೆ, ವಾಯವ್ಯದಲ್ಲಿ. ನಮ್ಮ ವಿದೇಶಾಂಗ ಇಲಾಖೆ 'ಪಶ್ಚಿಮ ಏಷ್ಯಾ' ಎನ್ನುತ್ತದೆ. ಕನ್ನಡ ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಖಂಡ ಯಾವುದೆಂದು ಆ ಹೆಸರೇ ಹೇಳುತ್ತದಲ್ಲ!

ಕಂಪನಿಗಳ ವೆಬ್‌ಸೈಟುಗಳಲ್ಲಿ 'ಏಷ್ಯಾ, ಯುರೋಪ್, ಆಫ್ರಿಕಾ, ಮಿಡ್ಲ್ ಈಸ್ಟ್' ಅಂತ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಗೊಂದಲ ಹುಟ್ಟುವುದು ಅಲ್ಲೇ. ಅದು ವ್ಯಾಪಾರದ ಅನುಕೂಲಕ್ಕೆ ಮಾಡಿಕೊಂಡ ವಿಂಗಡಣೆ, ಭೂಗೋಳ ಅಲ್ಲ. ಕ್ರಿಕೆಟ್ ನೋಡುವವರಿಗೆ ಒಂದು ನೆನಪು: ಮೊದಲ ಏಷ್ಯಾ ಕಪ್ 1984ರಲ್ಲಿ ನಡೆದದ್ದು ಶಾರ್ಜಾದಲ್ಲಿ. ಶಾರ್ಜಾ ಇರುವುದೂ ಯುಎಇಯಲ್ಲೇ.

ಹಾಗಂತ ಮಿಡ್ಲ್ ಈಸ್ಟ್ ಎಂದು ಕರೆಯುವ ಎಲ್ಲ ದೇಶವೂ ಏಷ್ಯಾದ್ದಲ್ಲ. ಈಜಿಪ್ಟನ್ನೂ ಆ ಪಟ್ಟಿಗೆ ಸೇರಿಸುತ್ತಾರೆ, ಆದರೆ ಅದು ಆಫ್ರಿಕಾದ ದೇಶ. ಒಮ್ಮೆ ತರಗತಿಯಲ್ಲಿ ಹುಡುಗಿಯೊಬ್ಬಳು ಅಟ್ಲಾಸ್ ತಂದು ನನ್ನ ಮೇಜಿನ ಮೇಲೆ ಹರಡಿದಳು. ಸೂಯೆಜ್ ಕಾಲುವೆಯ ಬಲಗಡೆ ಬೆರಳಿಟ್ಟು, "ಸರ್, ಇದೂ ಈಜಿಪ್ಟೇ. ಇದು ಏಷ್ಯಾ ಅಲ್ವಾ?" ಅಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಅವತ್ತಿನ ಪಾಠ ಬಿಟ್ಟು ಅದನ್ನೇ ಹಿಡಿದೆ. ಅವಳು ಮುಟ್ಟಿದ್ದು ಸಿನಾಯ್. ಆಫ್ರಿಕಾ ಮತ್ತು ಏಷ್ಯಾದ ಗಡಿ ಅಂತ ಆ ಕಾಲುವೆಯನ್ನೇ ಹಿಡಿಯುವುದರಿಂದ ಅದು ಏಷ್ಯಾದ ನೆಲವೇ. ಆದರೆ ಸುಮಾರು 10 ಲಕ್ಷ ಚದರ ಕಿಲೋಮೀಟರ್ ಈಜಿಪ್ಟಿನಲ್ಲಿ ಸಿನಾಯ್ ಬರೀ 60,000. ರಾಜಧಾನಿ ಕೈರೋ ಇರುವುದು ಕಾಲುವೆಯ ಎಡಗಡೆ, ಆಫ್ರಿಕಾದಲ್ಲಿ. ಎರಡು ಖಂಡಕ್ಕೆ ಹರಡಿದ ದೇಶವನ್ನು ಸಾಮಾನ್ಯವಾಗಿ ಹೆಚ್ಚಿನ ನೆಲ ಇರುವ ಕಡೆಗೆ ಸೇರಿಸುತ್ತಾರೆ. ರಷ್ಯಾ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ಮುಕ್ಕಾಲು ನೆಲ ಏಷ್ಯಾದಲ್ಲಿದ್ದರೂ ಮುಕ್ಕಾಲು ಜನ ಮತ್ತು ರಾಜಧಾನಿ ಯುರೋಪಿನಲ್ಲಿ. ಹಾಗಾಗಿ ಅದನ್ನು ಯುರೋಪಿಗೆ ಸೇರಿಸುತ್ತಾರೆ.

ಆ ಕಾಲುವೆ ತೋಡುವ ಮುಂಚೆ ಗಡಿ ಎಲ್ಲಿತ್ತು? ಇದನ್ನು ಯಾರೂ ಕೇಳುವುದಿಲ್ಲ. ಸೂಯೆಜ್ ಕಾಲುವೆ ಹಡಗುಗಳಿಗೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಅಲ್ಲಿದ್ದದ್ದು ಕಿರಿದಾದ ನೆಲದ ಪಟ್ಟಿ. ಒಂಟೆಗಳ ಸಾಲು ನಡೆದೇ ಒಂದು ಖಂಡದಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಈಗ ಕಾಲುವೆಯ ಅಡಿಯಲ್ಲಿ ಸುರಂಗ ರಸ್ತೆಯಿದೆ. ಕಾರಿನಲ್ಲಿ ಆಫ್ರಿಕಾದ ಕಡೆಯಿಂದ ಒಳಗೆ ಹೋದರೆ ಕೆಲವೇ ನಿಮಿಷದಲ್ಲಿ ಏಷ್ಯಾದ ಬಿಸಿಲಿಗೆ ಬರುತ್ತೀರಿ. ದೇಶ ಮಾತ್ರ ಅದೇ ಈಜಿಪ್ಟ್.