ಇಂಜಿನ್ ಕೊನೆಗೆ ಬರಲಿ

ಹಳೇ ಕಾಲದ ಮೋಟಾರ್ ಸೈಕಲ್ ತರಹ ಕಾಣುವ ಒಂದು ಇಂಜಿನ್ ಸೈಕಲ್ಲನ್ನು ಮನೆಯಲ್ಲೇ ಮಾಡಬೇಕು ಅನ್ನುವ ಹುಡುಗರು ಬಳ್ಳಾರಿಯ ನನ್ನ ವರ್ಕ್‌ಶಾಪಿಗೆ ಆಗಾಗ ಬರುತ್ತಾರೆ. ಕೈಯಲ್ಲಿ ಕಿಟ್ ಅನ್ನುವ ಒಂದು ರಟ್ಟಿನ ಡಬ್ಬಿ. ಒಳಗೆ ಚೀನಾದ ಟೂ ಸ್ಟ್ರೋಕ್ ಇಂಜಿನ್, ಸೈಲೆನ್ಸರ್, ಚೈನು, ಪುಟ್ಟ ಟ್ಯಾಂಕು. ಸೈಕಲ್ ಯಾವುದಪ್ಪಾ ಅಂದರೆ, "ಅದನ್ನ ಇನ್ನೂ ನೋಡಬೇಕು ಅಣ್ಣಾ" ಅನ್ನುತ್ತಾರೆ. ಕೆಲಸ ಉಲ್ಟಾ ಆಗುವುದು ಇಲ್ಲೇ. ಮೊದಲು ಸೈಕಲ್ಲು, ಆಮೇಲೆ ಅದರ ಗಾಲಿ, ಬ್ರೇಕು. ಇಂಜಿನ್ ಕೊನೆಗೆ. ಇಂಜಿನ್ ಕೂರಿಸಲು ಒಂದು ದಿನ ಸಾಕು. ಅದನ್ನು ಹೊತ್ತು ಓಡಿ, ಬೇಕಾದಲ್ಲಿ ನಿಲ್ಲುವ ಸೈಕಲ್ ತಯಾರು ಮಾಡಲು ತಿಂಗಳು ಹಿಡಿದರೂ ಪರವಾಗಿಲ್ಲ.

ಇದಕ್ಕೆ ನಮ್ಮ ಹಾಲಿನವರು ಓಡಿಸುತ್ತಿದ್ದ ಹಳೇ ಕರಿ ಸೈಕಲ್ಲಿಗಿಂತ ಒಳ್ಳೇದು ಸಿಗುವುದಿಲ್ಲ. 22 ಅಥವಾ 24 ಇಂಚಿನ ಕಬ್ಬಿಣದ ಫ್ರೇಮು, 28 ಇಂಚಿನ ಗಾಲಿ. ಪೈಪುಗಳ ನಡುವೆ ದೊಡ್ಡ ಮುಕ್ಕೋನ ಜಾಗ ಇರುವುದರಿಂದ ಇಂಜಿನ್ನೂ ಕೂರುತ್ತದೆ, ಮೇಲೆ ಟ್ಯಾಂಕೂ ಕೂರುತ್ತದೆ. ಈಗಿನ ಅಲ್ಯುಮಿನಿಯಂ ಗೇರ್ ಸೈಕಲ್ ಬೇಡ. ಕ್ಲಾಂಪ್ ಬಿಗಿ ಮಾಡಿದರೆ ಪೈಪು ನಜ್ಜಾಗುತ್ತದೆ. ಕುರುಗೋಡು, ಸಿರುಗುಪ್ಪ ಕಡೆ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಹಿಂದೆ ಇಂಥ ಸೈಕಲ್ ಸುಮ್ನೆ ನಿಂತಿರುತ್ತದೆ. ತರುವ ಮುಂಚೆ ಎರಡು ಕಡೆ ನೋಡಿ. ಒಂದು, ಪೆಡಲ್ ಕೂರುವ ಅಡಿಭಾಗ. ಪೈಪಿನೊಳಗೆ ಇಳಿದ ನೀರೆಲ್ಲ ಬಂದು ನಿಲ್ಲುವುದು ಅಲ್ಲೇ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಪೈಪು ಠಣ್ ಅನ್ನುತ್ತದೆ, ತುಕ್ಕು ತಿಂದದ್ದು ದಪ್ಪಗೆ ಸದ್ದು ಕೊಡುತ್ತದೆ. ಇನ್ನೊಂದು, ಹ್ಯಾಂಡಲ್ ಕೆಳಗಿನ ಜಾಯಿಂಟು. ಅಲ್ಲಿ ಬಣ್ಣ ಕೆರೆದು, ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಕೂದಲೆಳೆಯಷ್ಟು ಬಿರುಕಿದ್ದರೂ ಗೆರೆ ಮೂಡುತ್ತದೆ. ಗೆರೆ ಕಂಡರೆ ಆ ಫ್ರೇಮ್ ಬಿಟ್ಟುಬಿಡಿ.

ಇನ್ನು ಹಿಂದಿನ ಗಾಲಿ. ಹೆಚ್ಚು ಮಂದಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಕಿಟ್‌ನಲ್ಲಿ ಬರುವ 44 ಹಲ್ಲಿನ ಚಕ್ರವನ್ನು ಕಡ್ಡಿಗಳಿಗೇ ಬಿಗಿಯಬೇಕು. ಎರಡು ರಬ್ಬರ್ ಬಿಲ್ಲೆ, ನಡುವೆ ಕಡ್ಡಿ, ಒಂಬತ್ತು ಬೋಲ್ಟು. ಈ ಒಂಬತ್ತರ ಲೆಕ್ಕ 36 ಕಡ್ಡಿಯ ಗಾಲಿಗೆ ಮಾಡಿದ್ದು. ನಮ್ಮ ಹಳೇ ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ. ಬೋಲ್ಟು ಕಡ್ಡಿಗಳ ನಡುವೆ ಸರಿಯಾಗಿ ಬೀಳುವುದೇ ಇಲ್ಲ. ಕೆಲವರು ಕಡ್ಡಿಗಳನ್ನು ಸರಿಸಿ, ಬಗ್ಗಿಸಿ ತೂರಿಸುತ್ತಾರೆ. ಒಂದು ವಾರ ಓಡುತ್ತದೆ. ಆಮೇಲೆ ಕಡ್ಡಿಗಳು ಬುಡದಲ್ಲಿ ಒಂದೊಂದಾಗಿ ಕಟ್ ಆಗುತ್ತವೆ. ನಾನು ಮಾಡಿಕೊಡುವುದು ಬೇರೆ. ಲೇತ್‌ನಲ್ಲಿ ಎರಡು ಹೋಳಿನ ಒಂದು ಕಾಲರ್ (ಲೋಹದ ಬಳೆ) ಕಡೆದು, ಅದನ್ನು ಸೀದಾ ಗಾಲಿ ನಡುವಿನ ಹಬ್‌ಗೇ ಕಚ್ಚಿಸಿ, ಹಲ್ಲುಚಕ್ರವನ್ನು ಕಾಲರ್ ಮೇಲೆ ಕೂರಿಸುತ್ತೇನೆ. ಆಗ ಎಳೆತ ಹಬ್ ಮೂಲಕ ಎಲ್ಲ ಕಡ್ಡಿಗೂ ಸಮನಾಗಿ ಹಂಚಿ ಹೋಗುತ್ತದೆ. ಜೊತೆಗೆ 14 ಗೇಜಿನ ಕಡ್ಡಿ ತೆಗೆದು 12 ಗೇಜಿನ ದಪ್ಪ ಕಡ್ಡಿ ಹೆಣೆಸುವುದು ಒಳ್ಳೇದು. ಖರ್ಚು ಸ್ವಲ್ಪ ಜಾಸ್ತಿ. ಆದರೆ ಈ ಇಡೀ ಗಾಡಿಯಲ್ಲಿ ದುಡ್ಡು ಹಾಕಲೇಬೇಕಾದ ಜಾಗ ಇದು.

ಚೈನ್ ಸಡಿಲ ತೆಗೆಯುವ ಆ ಚಿಕ್ಕ ರೋಲರ್ ನೋಡಿದ್ದೀರಲ್ಲ? ಅದನ್ನು ಹಿಂದಿನ ಪೈಪಿಗೆ ಬರೀ ಕ್ಲಾಂಪಿನಲ್ಲಿ ಹಿಡಿಸಿರುತ್ತಾರೆ. ಅಲುಗಾಟಕ್ಕೆ ಕ್ಲಾಂಪ್ ತಿರುಗಿದರೆ ರೋಲರ್ ಸೀದಾ ಕಡ್ಡಿಯೊಳಗೆ ಹೋಗುತ್ತದೆ. ಗಾಲಿ ಅಲ್ಲೇ ಲಾಕ್. ಓಡಿಸುವವನಿಗೆ ಏನಾಯಿತು ಅಂತ ಗೊತ್ತಾಗುವಷ್ಟೂ ಹೊತ್ತು ಇರುವುದಿಲ್ಲ. ಎರಡು ಹಲ್ಲುಚಕ್ರಗಳನ್ನೂ ಒಂದೇ ನೇರಕ್ಕೆ ತಂದು, ಚೈನಿನ ಉದ್ದ ಸರಿ ಮಾಡಿ, ಗಾಲಿಯನ್ನೇ ಹಿಂದಕ್ಕೆ ಎಳೆದು ಬಿಗಿ ಮಾಡಿದರೆ ರೋಲರ್ ಬೇಕಾಗುವುದೇ ಇಲ್ಲ. ಬೇಕೇ ಬೇಕು ಅಂದರೆ ಪೈಪಿಗೆ ಒಂದು ಪಟ್ಟಿ ಬ್ರೇಜಿಂಗ್ ಮಾಡಿಸಿ (ಹಿತ್ತಾಳೆ ಕರಗಿಸಿ ಬೆಸೆಯುವುದು), ರೋಲರನ್ನು ಅದಕ್ಕೆ ಬೋಲ್ಟ್ ಹಾಕಿ. ಹಿತ್ತಾಳೆ ರಾಡಿನ ಗ್ಯಾಸ್ ಬ್ರೇಜಿಂಗೇ ಆಗಬೇಕು. ಸೈಕಲ್ಲಿನ ತೆಳು ಪೈಪಿಗೆ ಕರೆಂಟ್ ವೆಲ್ಡಿಂಗ್ ಹಿಡಿದರೆ ತೂತು ಬೀಳುತ್ತದೆ, ಪಕ್ಕದ ಲೋಹವೂ ಪೆಡಸಾಗುತ್ತದೆ.

ಬ್ರೇಕಿನ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಹುಡುಗರು ಫೋನಿನಲ್ಲಿ ತೋರಿಸುವ ಫೋಟೋಗಳು ಹೆಚ್ಚಾಗಿ 1910ರ ಆಸುಪಾಸಿನ ಅಮೆರಿಕದ ರೇಸ್ ಗಾಡಿಗಳವು. ಮರದ ಹಲಗೆ ಹಾಸಿದ ಟ್ರ್ಯಾಕ್ ಮೇಲೆ ಓಡಿಸುತ್ತಿದ್ದರು. ಬಗ್ಗಿದ ಹ್ಯಾಂಡಲ್, ಉದ್ದ ಟ್ಯಾಂಕು, ಮಡ್‌ಗಾರ್ಡ್ ಇಲ್ಲ. ನೋಡೋಕೆ ನಿಜಕ್ಕೂ ಚಂದ. ಅವಕ್ಕೆ ಬ್ರೇಕೂ ಇರುತ್ತಿರಲಿಲ್ಲ. ಆ ಟ್ರ್ಯಾಕ್‌ಗಳಲ್ಲಿ ಸವಾರರೂ ಸತ್ತರು, ನೋಡಲು ಬಂದವರೂ ಸತ್ತರು. ಅಂದ ಬೇಕಾದರೆ ಅಲ್ಲಿಂದ ತನ್ನಿ, ಬ್ರೇಕು ನಮ್ಮ ಲೂನಾ ಮೊಪೆಡ್ಡಿನಿಂದ ಕಲಿಯಿರಿ. 1972ರಲ್ಲಿ ಬಂದ ಲೂನಾಕ್ಕೂ ಪೆಡಲ್ ಇತ್ತು, 50 ಸಿಸಿ ಇಂಜಿನ್ ಇತ್ತು. ಆದರೆ ಎರಡೂ ಗಾಲಿಗೆ ಡ್ರಮ್ ಬ್ರೇಕ್ ಇತ್ತು. ಸೈಕಲ್ಲಿನ ರಾಡ್ ಬ್ರೇಕ್ ತುಳಿದು ಹೋಗುವ ವೇಗಕ್ಕೆ ಮಾಡಿದ್ದು. ವೇಗ ಎರಡು ಪಟ್ಟಾದರೆ ಬ್ರೇಕ್ ತಿನ್ನಬೇಕಾದ ಶಕ್ತಿ ನಾಲ್ಕು ಪಟ್ಟು. ಹಳೇ ಮೊಪೆಡ್ಡಿನ ಡ್ರಮ್ ಹಬ್ ಹುಡುಕಿ ಮುಂದಿನ ಗಾಲಿಗೆ ಹೆಣೆಸಿ. ಡ್ರಮ್ ತಿರುಗದಂತೆ ತಡೆಯುವ ಪಟ್ಟಿಯನ್ನು ಫೋರ್ಕಿಗೆ ಗಟ್ಟಿಯಾಗಿ ಕಟ್ಟಿಸಿ. ಇಂಜಿನ್ ಇಲ್ಲದೆಯೇ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನೋಡಿ. ಅಲ್ಲಿ ತೃಪ್ತಿ ಆದ ಮೇಲೆ ಡಬ್ಬಿ ಬಿಚ್ಚಿ.

ಇಂಜಿನ್ ಎಲ್ಲಿರಬೇಕು ಅನ್ನುವುದು ನೂರು ವರ್ಷದ ಹಿಂದೆಯೇ ಇತ್ಯರ್ಥ ಆಗಿದೆ. ಪ್ಯಾರಿಸ್ಸಿನ ವೆರ್ನರ್ ಸಹೋದರರು 1897ರಲ್ಲಿ ಮುಂದಿನ ಗಾಲಿಯ ಮೇಲೆ ಇಂಜಿನ್ ಇಟ್ಟರು. ಭಾರ ಮೇಲಿತ್ತು, ಗಾಡಿ ಪಕ್ಕಕ್ಕೆ ಜಾರುತ್ತಿತ್ತು. 1901ರಲ್ಲಿ ಅವರೇ ಅದನ್ನು ಪೆಡಲ್ ಇರುವ ಜಾಗಕ್ಕೆ ಇಳಿಸಿದರು. ಹಾಗಾಗಿ ಎಷ್ಟಾಗುತ್ತದೋ ಅಷ್ಟು ಕೆಳಗೆ ಕೂರಿಸಿ. ಪೈಪಿಗೂ ಇಂಜಿನ್ನಿಗೂ ನಡುವೆ ರಬ್ಬರ್ ಹಾಕುವ ರೂಢಿ ಇದೆ. ನನಗದು ಒಪ್ಪಿಗೆ ಇಲ್ಲ. ರಬ್ಬರ್ ಕುಣಿಯುತ್ತದೆ, ಇಂಜಿನ್ ಹಿಡಿದಿರುವ ಸ್ಟಡ್ ಬೋಲ್ಟು ತುಂಡಾಗುತ್ತದೆ. ಕಿಟ್ಟಿನ ಮೆತ್ತನೆ ಸ್ಟಡ್ ತೆಗೆದು 8.8 ಗ್ರೇಡಿನ ಗಟ್ಟಿ ಉಕ್ಕಿನವು ಹಾಕಿ. ಪೈಪಿಗೆ ತೂತು ಮಾತ್ರ ಕೊರೆಯಬೇಡಿ.

ನಮ್ಮ ಊರಿನ ಎರಡು ಶತ್ರುಗಳು ಬಿಸಿಲು ಮತ್ತು ಕೆಂಧೂಳು. ಟೂ ಸ್ಟ್ರೋಕಿನಲ್ಲಿ ಗಾಳಿ ಮೊದಲು ಇಂಜಿನ್ನಿನ ಕೆಳಭಾಗದ ಕ್ರ್ಯಾಂಕ್ ಕೇಸಿಗೆ ಹೋಗಿ, ಬೇರಿಂಗ್ ಸವರಿಕೊಂಡು ಆಮೇಲೆ ಮೇಲೆ ಬರುತ್ತದೆ. ಸಂಡೂರು ರಸ್ತೆಯ ಅದಿರಿನ ಧೂಳು ಒಳಗೆ ಹೋದರೆ ಬೇರಿಂಗ್, ಪಿಸ್ಟನ್ ಎರಡೂ ಉಜ್ಜಿಹೋಗುತ್ತವೆ. ಕಿಟ್ಟಿನ ತೆಳು ಫಿಲ್ಟರ್ ಸಾಲದು. ದಪ್ಪ ಸ್ಪಂಜಿನದು ಹಾಕಿ, ಎಣ್ಣೆಯಲ್ಲಿ ಅದ್ದಿ ಹಿಂಡಿ, ವಾರಕ್ಕೊಮ್ಮೆ ತೊಳೆಯಿರಿ. ಹಳೇ ಲುಕ್ ಬೇಕು ಅಂತ ಇಂಜಿನ್ ರೆಕ್ಕೆಗಳ ಮೇಲೆ ದಪ್ಪ ಬಣ್ಣ ಬಳಿಯಬೇಡಿ. 40 ಡಿಗ್ರಿ ದಾಟುವ ಊರಲ್ಲಿ ಬಿಸಿ ಹೊರಹೋಗಲು ಇರುವ ದಾರಿ ಆ ರೆಕ್ಕೆಗಳು. ಬಂಕಿನ ಪೆಟ್ರೋಲಿನಲ್ಲಿ ಈಗ ಶೇ. 20 ಎಥೆನಾಲ್ ಇರುವುದರಿಂದ ಕಿಟ್ಟಿನ ಪೆಟ್ರೋಲ್ ಪೈಪು ಬೇಗ ಬಿರಿಯುತ್ತದೆ. ಎಥೆನಾಲ್ ತಾಳುವ ಪೈಪು ಕೇಳಿ ಹಾಕಿಸಿ. ಹೆಚ್ಚು ದಿನ ನಿಲ್ಲಿಸುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ.

ಕಾನೂನಿನ ಮಾತು ಮುಚ್ಚಿಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಗಾಲಿಯ ಗಾಡಿಯ ಇಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ಕಿಟ್ ಇಂಜಿನ್‌ಗಳು ಸಾಮಾನ್ಯವಾಗಿ 48 ಅಥವಾ 66 ಸಿಸಿ. 66ರದ್ದಕ್ಕೆ ಡಬ್ಬಿ ಮೇಲೆ 80 ಅಂತ ಬರೆದಿರುತ್ತಾರೆ. ಅಂದರೆ ರಸ್ತೆಗೆ ತರಲು ನೋಂದಣಿ ಬೇಕು, ಇನ್ಶೂರೆನ್ಸ್ ಬೇಕು. ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಇಲ್ಲದ ಮನೆಗಾಡಿಗೆ ನೋಂದಣಿ ಸಿಗುವುದಿಲ್ಲ. ಅದನ್ನು ಸ್ವಂತ ಹೊಲದಲ್ಲಿ, ಸ್ವಂತ ಜಾಗದಲ್ಲಿ ಓಡಿಸಿ. ರಸ್ತೆಯಲ್ಲೇ ಓಡಬೇಕು ಅಂದರೆ ಕಳೆ ಕೊಚ್ಚುವ ಮಷೀನಿನ 25 ಸಿಸಿ ಫೋರ್ ಸ್ಟ್ರೋಕ್ ಇಂಜಿನ್ ನೋಡಿ, ಪ್ಲೇಟ್ ಓದಿಯೇ ಕೊಳ್ಳಿ. ಅದು ಓಡುವುದು ನಿಮಿಷಕ್ಕೆ 7000 ಸುತ್ತಿನಲ್ಲಿ. 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಗಂಟೆಗೆ 25 ಕಿ.ಮೀ. ಬೇಕಾದರೆ ಇಂಜಿನ್ ಸುಮಾರು 37 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗಬೇಕು. ಒಂದೇ ಚೈನಿನಲ್ಲಿ ಇದು ಆಗದು, ನಡುವೆ ಒಂದು ಶಾಫ್ಟ್ ಹಾಕಿ ಎರಡು ಹಂತದಲ್ಲಿ ಇಳಿಸಬೇಕು. ಕೆಲಸ ಜಾಸ್ತಿ, ಆದರೆ ಇಂಥ ಗಾಡಿಯನ್ನೇ ನಾನು ಖುಷಿಯಿಂದ ಮಾಡಿಕೊಡುವುದು.

ಟೂ ಸ್ಟ್ರೋಕ್ ಹಾಕಿದವರು ಮೊದಲ ಕೆಲವು ಟ್ಯಾಂಕಿಗೆ ಲೀಟರಿಗೆ 50 ಎಂ.ಎಲ್. 2ಟಿ ಆಯಿಲ್ ಬೆರೆಸಿ, ಆಮೇಲೆ 40 ಸಾಕು. ಕಿಟ್ಟಿನ ಗೇರಿಂಗ್‌ನಲ್ಲಿ ಇಂಜಿನ್ ಸುಮಾರು 18 ಸುತ್ತಿಗೆ ಗಾಲಿ ಒಂದು ಸುತ್ತು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಗಂಟೆಗೆ 22 ಕಿ.ಮೀ. ಬರುತ್ತದೆ. ಪಳಗುವ ತನಕ ಅದನ್ನು ದಾಟಬೇಡಿ. ಐದು ಕಿಲೋಮೀಟರ್ ಓಡಿಸಿದ ಮೇಲೆ ಇಳಿದು, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್‌ಗಳನ್ನು ಎದುರುಬದುರು ಜೋಡಿಯಾಗಿ ಬಿಗಿ ಮಾಡಿ. ಜೊತೆಗೇ ಹಬ್ ಕಾಲರಿನ ಬೋಲ್ಟು, ಡ್ರಮ್ ಪಟ್ಟಿ, ಇಂಜಿನ್ ಕ್ಲಾಂಪು, ಒಂದೊಂದನ್ನೂ ಪಾನಾ ಹಿಡಿದು ನೋಡಿ. ಒಂದು ಸಡಿಲ ಸಿಕ್ಕರೂ ಅದಕ್ಕೆ ಲಾಕ್ ನಟ್ ಹಾಕಿಯೇ ಮತ್ತೆ ಹತ್ತಿ.