‘ಕತ್ತಲಲ್ಲಿ ಕಾಣಲೇ ಇಲ್ಲ’ ಅಂದರೆ ತಪ್ಪು ಯಾರದ್ದು?

ಓದುಗರ ಪ್ರಶ್ನೆ: ಬೆಳಗಿನ ಜಾವ ಐದಕ್ಕೆ ಕಾರಿನಲ್ಲಿ ಡ್ಯೂಟಿಗೆ ಹೊರಡುತ್ತೇನೆ. ಕಸ ಗುಡಿಸುವವರು, ರಸ್ತೆ ಅಗೆಯುವವರು, ವಾಕಿಂಗ್ ಹೋಗುವವರು ತೀರಾ ಹತ್ತಿರ ಬರುವ ತನಕ ಕಾಣುವುದೇ ಇಲ್ಲ. ಕಾಣದೇ ಇರುವವರಿಗೆ ಗಾಡಿ ತಾಗಿದರೆ ಅದು ನನ್ನ ತಪ್ಪು ಹೇಗಾಗುತ್ತೆ?

ಉತ್ತರ: ಹೆಚ್ಚಿನ ಸಲ ನಿಮ್ಮದೇ ಆಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ಲೆಕ್ಕ ಹಾಕಿ ನೋಡಿದ ಮೇಲೆ ನನಗೂ ಬೇರೆ ಉತ್ತರ ಸಿಗಲಿಲ್ಲ.

ಡಿಮ್ ಲೈಟಿನಲ್ಲಿ ಕಾರಿನ ಬೆಳಕು ಹೆಚ್ಚು ಕಡಿಮೆ 40ರಿಂದ 60 ಮೀಟರ್ ದೂರ ಬೀಳುತ್ತದೆ. ಬೆಳಕು ಬೀಳುವುದು ಬೇರೆ, ಅದರಲ್ಲಿ ಮನುಷ್ಯ ಕಾಣುವುದು ಬೇರೆ. ಕಪ್ಪು, ನೀಲಿ, ಕಂದು ಬಟ್ಟೆ ಬೆಳಕನ್ನು ನುಂಗಿಬಿಡುತ್ತದೆ. ಅಂಥ ಬಟ್ಟೆಯವರು ಕಣ್ಣಿಗೆ ಬೀಳುವುದು 30 ಮೀಟರ್ ಆಸುಪಾಸಿನಲ್ಲಿ, ಕೆಲವು ಸಲ ಇನ್ನೂ ಹತ್ತಿರದಲ್ಲಿ.

ಈಗ ನೀವು 60ರಲ್ಲಿ ಬರುತ್ತಿದ್ದೀರಿ ಅಂದುಕೊಳ್ಳಿ. ಸೆಕೆಂಡಿಗೆ ಸುಮಾರು 17 ಮೀಟರ್. ಮುಂದೆ ಇರುವುದು ಮನುಷ್ಯ ಅಂತ ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಯಿತು. 25 ಮೀಟರ್ ಅಲ್ಲೇ ಮುಗಿಯಿತು. ಉಳಿದ 5 ಮೀಟರಿನಲ್ಲಿ ಬ್ರೇಕ್ ಎಷ್ಟೇ ಅದುಮಿದರೂ ಬಡಿಯುವ ಹೊತ್ತಿಗೆ ವೇಗ 50ರ ಮೇಲೇ ಇರುತ್ತದೆ. ಅದೇ 40ರಲ್ಲಿ ಬಂದಿದ್ದರೆ? ಒಣ ರಸ್ತೆಯಲ್ಲಿ, ಟೈರು ಬ್ರೇಕು ಸರಿ ಇದ್ದರೆ, 26 ಮೀಟರಿಗೆಲ್ಲ ಗಾಡಿ ನಿಂತಿರುತ್ತದೆ. ನೀವು ಬೈದುಕೊಳ್ಳುತ್ತೀರಿ, ಅವರೂ ಬೈಯುತ್ತಾರೆ. ಅಷ್ಟೇ.

ಹಾಗಾಗಿ ‘ಕಾಣಲಿಲ್ಲ’ ಅನ್ನುವುದರ ಅರ್ಥ, ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಆಗದ ವೇಗದಲ್ಲಿ ಬಂದೆ ಅಂತ. ಆ ವೇಗ ಆರಿಸಿದ್ದು ಗುಡಿಸುವವರಲ್ಲ. ಬೋರ್ಡಿನಲ್ಲಿ 60 ಅಂತ ಇದ್ದರೆ ಅದು ಗರಿಷ್ಠ ಮಿತಿ. ಕತ್ತಲು, ಮಳೆ, ಮಂಜು ಇದ್ದಾಗಲೂ ಅಷ್ಟೇ ಓಡಿಸಿ ಅಂತ ಅದು ಹೇಳುತ್ತಿಲ್ಲ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ನಾನು ಮಾಡಿದ್ದು ಊರಿನಲ್ಲಿ, ನಮ್ಮ ಭಾವಮೈದನನ್ನು ಇಟ್ಟುಕೊಂಡು. ಗಾಡಿ ಓಡಾಡದ ಕೆರೆ ಏರಿ ಮೇಲೆ ಕಾರು ನಿಲ್ಲಿಸಿ, ಡಿಮ್ ಲೈಟ್ ಹಾಕಿ, ‘ನಡೀತಾ ಹೋಗು, ಸಾಕು ಅಂದಾಗ ನಿಲ್ಲು’ ಅಂದೆ. ಅವನದ್ದು ನೀಲಿ ಶರ್ಟು, ಬಿಳಿ ಪಂಚೆ. ಐವತ್ತು ಹೆಜ್ಜೆ ದಾಟುವುದರೊಳಗೆ ಶರ್ಟೂ ಇಲ್ಲ, ತಲೆಯೂ ಇಲ್ಲ. ಪಂಚೆ ಒಂದೇ ನಡೆದುಕೊಂಡು ಹೋಗುತ್ತಿತ್ತು! ನಗು ಬಂತು. ಆಮೇಲೆ ಅವನು ಹೇಳಿದ ಮಾತಿಗೆ ನಗು ನಿಂತಿತು. ‘ನನಗೆ ಕಾರು ಚೆನ್ನಾಗಿ ಕಾಣ್ತಿತ್ತಲ್ಲ ಭಾವ, ನಿಮಗೂ ನಾನು ಹಂಗೇ ಕಾಣ್ತಿದೀನಿ ಅಂದ್ಕೊಂಡಿದ್ದೆ.’

ನಡೆಯುವವರು ಎಡವುವುದು ಇಲ್ಲೇ. ಹೆಡ್‌ಲೈಟ್ ದೂರದಿಂದಲೇ ಕಾಣುತ್ತದೆ. ನಾನು ಅವನನ್ನು ನೋಡಿದೆ, ಅವನೂ ನನ್ನನ್ನು ನೋಡಿರುತ್ತಾನೆ ಅಂತ ಧೈರ್ಯವಾಗಿ ರಸ್ತೆಗೆ ಇಳಿಯುತ್ತಾರೆ.

‘ಜಾಕೆಟ್ ಕೊಟ್ಟಿದ್ದಾರಲ್ವಾ?’ ಅಂತ ನೀವು ಕೇಳಬಹುದು. ಆ ಕಿತ್ತಳೆ, ಗಿಣಿಹಸಿರು ಬಣ್ಣ ಎದ್ದು ಕಾಣುವುದು ಹಗಲಿನಲ್ಲಿ. ರಾತ್ರಿ ಕೆಲಸ ಮಾಡುವುದು ಅದರ ಮೇಲಿನ ಬೂದು ಪಟ್ಟಿ ಮಾತ್ರ. ಲೈಟು ಬಿದ್ದ ಕಡೆಗೇ ಬೆಳಕನ್ನು ವಾಪಸ್ ಕಳಿಸುವ ಗುಣ ಅದಕ್ಕಿದೆ. ಪಟ್ಟಿ ಹೊಸದಾಗಿದ್ದರೆ ನೂರಾರು ಮೀಟರ್ ದೂರದಿಂದ ಮಿಂಚುತ್ತದೆ. ಧೂಳು ಕೂತು, ಒಗೆದೂ ಒಗೆದೂ ಸಿಪ್ಪೆ ಎದ್ದ ಮೇಲೆ ಅದು ಸುಮ್ನೆ ಬಟ್ಟೆ. ನಮ್ಮ ಬೀದಿ ಗುಡಿಸುವ ಅಮ್ಮನ ಜಾಕೆಟ್ಟಿನಲ್ಲಿ ಪಟ್ಟಿ ಉಳಿದಿರುವುದು ಬೆನ್ನಿನ ಮೇಲೆ ನಾಲ್ಕು ಬೆರಳಿನಷ್ಟು. ಚಳಿಗೆ ಶಾಲು ಹೊದ್ದರೆ ಅದೂ ಮುಚ್ಚಿಹೋಗುತ್ತದೆ. ಜಾಕೆಟ್ ಹಂಚಿ ಫೋಟೊ ತೆಗೆಸಿಕೊಳ್ಳುವವರು ವರ್ಷ ಕಳೆದ ಮೇಲೆ ಅದರ ಮೇಲೊಮ್ಮೆ ಟಾರ್ಚ್ ಬಿಟ್ಟು ನೋಡಬೇಕು.

ಶಿವರಾತ್ರಿಗೆ ಧರ್ಮಸ್ಥಳಕ್ಕೆ, ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರೂ ಬಿಸಿಲು ತಪ್ಪಿಸಲು ರಾತ್ರಿಯೇ ನಡೆಯುತ್ತಾರೆ. ಬ್ಯಾಗಿಗೆ ಸ್ಟಿಕ್ಕರ್ ಅಂಟಿಸಿಕೊಳ್ಳುವುದು ಒಳ್ಳೆಯದೇ. ಇನ್ನೂ ಒಳ್ಳೆಯದು ಕಾಲಿಗೆ. ಬ್ಯಾಗಿನ ಮೇಲಿನ ಚುಕ್ಕೆ ಮೈಲಿಗಲ್ಲೋ, ನಿಂತ ಗಾಡಿಯೋ ಅಂತ ಅನುಮಾನ ಬರುತ್ತದೆ. ಹಿಮ್ಮಡಿಯ ಹತ್ತಿರ ಎರಡು ಚುಕ್ಕೆ ಹಿಂದೆ ಮುಂದೆ ಆಡಿದರೆ ಮನುಷ್ಯ ನಡೆಯುತ್ತಿದ್ದಾನೆ ಅಂತ ಕಣ್ಣು ತಕ್ಷಣ ಹಿಡಿಯುತ್ತದೆ. ನಂಬರ್ ಪ್ಲೇಟ್ ಬರೆಯುವ ರೇಡಿಯಂ ಅಂಗಡಿಯಲ್ಲಿ ತುಂಡು ಪಟ್ಟಿ ಕೇಳಿ, ದುಬಾರಿ ಏನಲ್ಲ. ಫುಟ್‌ಪಾತ್ ಇಲ್ಲದ ಕಡೆ ಬಲಬದಿಯಲ್ಲಿ, ಎದುರು ಬರುವ ಗಾಡಿ ನೋಡಿಕೊಂಡು ನಡೆಯುವುದು ವಾಸಿ.

ರಸ್ತೆ ಕೆಲಸದ ಜಾಗದಲ್ಲಿ ಹೊಣೆ ಡ್ರೈವರ್ ಒಬ್ಬನದ್ದೇ ಅಲ್ಲ. ಕೆಲಸ ನಡೆಯುವ ಜಾಗಕ್ಕಿಂತ ಬಹಳ ಮೊದಲೇ ಬೋರ್ಡು, ಆಮೇಲೆ ಗಾಡಿಗಳನ್ನು ಮೆಲ್ಲಗೆ ಒಂದು ಬದಿಗೆ ತರುವ ಕೋನ್‌ಗಳ ಸಾಲು, ರಾತ್ರಿ ದೀಪ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿ (ಐಆರ್‌ಸಿ ಎಸ್‌ಪಿ 55) ಇದೆಲ್ಲ ಇದೆ. ರಸ್ತೆಯಲ್ಲಿ ಸಿಗುವುದು ಎರಡು ಕಲ್ಲು, ಒಂದು ಮರದ ಕೊಂಬೆ. ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಅಂತ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಸೇರಿಸಿದ್ದಾರೆ. ಕೋಟಿಗಟ್ಟಲೆ ಕೆಲಸಕ್ಕೆ ಒಂದು ಲಕ್ಷ ಯಾವ ಲೆಕ್ಕ, ನೀವೇ ಹೇಳಿ.

ಹಾಗಾದರೆ ನಡೆಯುವವರದ್ದು ತಪ್ಪೇ ಇಲ್ವಾ? ಇರಬಹುದು. ಅವರ ಅಜಾಗರೂಕತೆ ಸಾಬೀತಾದರೆ ನ್ಯಾಯಮಂಡಳಿ ಪರಿಹಾರದಲ್ಲಿ ಅಷ್ಟು ಪಾಲು ಕಡಿಮೆ ಮಾಡುತ್ತದೆ. ಡ್ರೈವರ್ ಹೊಣೆ ಅದರಿಂದ ತಾನಾಗಿ ಅಳಿಸಿಹೋಗುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ಪಾದಚಾರಿಗಳು 32,825. ಅಷ್ಟೂ ಜನ ತಾವಾಗಿ ಗಾಡಿಗೆ ಅಡ್ಡ ಬಂದರು ಅಂದರೆ ಯಾರು ಒಪ್ಪುತ್ತಾರೆ? ಅಜಾಗರೂಕತೆಯಿಂದ ಸಾವಾದರೆ ಹಳೆಯ ಐಪಿಸಿಯಲ್ಲಿ 2 ವರ್ಷದವರೆಗೆ ಜೈಲು ಇತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5 ವರ್ಷದವರೆಗೆ ಆಗಿದೆ.

ನೀವು ಕೇಳದೇ ಇದ್ದದ್ದು ಒಂದಿದೆ. ತಾಗಿಯೇ ಬಿಟ್ಟರೆ ನಿಲ್ಲಬೇಕಾ, ಜನ ಹೊಡೆದರೆ? ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಲು ಪ್ರಯತ್ನಿಸುವುದು ಡ್ರೈವರ್ ಕರ್ತವ್ಯ. ಜನ ರೊಚ್ಚಿಗೆದ್ದು ಅದು ಆಗದೇ ಹೋದರೆ ಕಾಯ್ದೆಯೇ ವಿನಾಯಿತಿ ಕೊಡುತ್ತದೆ. ಆ ವಿನಾಯಿತಿ ಇರುವುದು ಅಲ್ಲಿಂದ ದೂರ ಹೋಗುವುದಕ್ಕೆ ಮಾತ್ರ, ತಲೆಮರೆಸಿಕೊಳ್ಳುವುದಕ್ಕಲ್ಲ. 108ಕ್ಕೆ ಫೋನ್ ಮಾಡಿ ಜಾಗ ಹೇಳಿ, ನೇರವಾಗಿ ಹತ್ತಿರದ ಠಾಣೆಗೆ ಹೋಗಿ. ಕಾಯ್ದೆ 24 ಗಂಟೆಯ ಗಡುವು ಕೊಟ್ಟಿದೆ, ಆದರೆ ಅಷ್ಟು ಹೊತ್ತು ಕಾಯಲು ಕಾರಣವೇ ಇಲ್ಲ. ಇನ್ಶೂರೆನ್ಸ್ ಕಂಪನಿಗೂ ಲಿಖಿತವಾಗಿ ತಿಳಿಸಬೇಕು.